ಮೊದಲೇ ಕಟ್ಟಿದ ಚೀಟಿ

ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಗ್ಯಾರೇಜಿನ ಹಲಗೆಯ ಮೇಲೆ ನಾಲ್ಕು ಲೀಟರಿನ ಆಯಿಲ್ ಡಬ್ಬಿಯೊಂದು ಕಣ್ಣಿಗೆ ಬಿತ್ತು. ಮುಚ್ಚಳದ ಸೀಲ್ ಒಡೆದಿರಲಿಲ್ಲ. ಪಕ್ಕದಲ್ಲಿ ಹೊಸ ಫಿಲ್ಟರಿನ ಪೆಟ್ಟಿಗೆ, ಅದರ ಮೇಲೆ ನನ್ನದೇ ಅಕ್ಷರದಲ್ಲಿ ‘ಮಾವ’ ಎಂದು ಬರೆದಿತ್ತು. ಅವೆರಡೂ ಈ ಹೊತ್ತಿಗೆ ಮಾವನ ಕಾರಿನೊಳಗೆ ಇರಬೇಕಿತ್ತು. ಆ ಕಾರು ನನ್ನ ಹೆಂಡತಿಯನ್ನೂ ಎಂಟು ವರ್ಷದ ಮಗಳನ್ನೂ ಕೂರಿಸಿಕೊಂಡು ಎಂಟಕ್ಕೇ ಹೊರಟುಹೋಗಿತ್ತು, ಘಾಟಿಯಾಚೆಗಿನ ಹೆಂಡತಿಯ ಅಕ್ಕನ ಮನೆಗೆ. ಓಡಿಸುತ್ತಿದ್ದವರು ಮಾವ.

ಎಂಜಿನ್ನಿನ ಒಳಗಿನ ಕೊಳೆ ಕರಗಿಸುವ ಕ್ಲೀನರ್ ವಿಷಯದಲ್ಲಿ ನನಗೂ ಮಾವನಿಗೂ ಮೊದಲಿನಿಂದಲೂ ಆಗಿಬರುವುದಿಲ್ಲ. ಅವರು ನಲವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಆಯಿಲ್ ಬದಲಾಯಿಸುವಾಗಲೆಲ್ಲ ಕ್ಲೀನರ್ ಹಾಕಲೇಬೇಕು ಎಂದು ಅವರ ಹಟ. ಹೊತ್ತುಹೊತ್ತಿಗೆ ಆಯಿಲ್ ಬದಲಾಯಿಸುವ ಗಾಡಿಗೆ ಅದು ಬೇಕಾಗಿಯೇ ಇಲ್ಲ, ಮನಸ್ಸು ತಡೆಯದಿದ್ದರೆ ಎರಡು ಮೂರು ವರ್ಷಕ್ಕೊಮ್ಮೆ ಹಾಕಿದರೆ ಧಾರಾಳವಾಯಿತು ಎಂದು ನನ್ನ ವಾದ.

“ನೀವು ದಿನಾ ಹಲ್ಲುಜ್ಜಲ್ವಾ?” ಎನ್ನುತ್ತಾರೆ ಮಾವ.

“ಉಜ್ತೀನಿ. ಆದ್ರೆ ದಿನಾ ಭೇದಿ ಮಾತ್ರೆ ನುಂಗಲ್ಲ ಮಾವ,” ಎನ್ನುತ್ತೇನೆ ನಾನು.

ನಿನ್ನೆ ಮಧ್ಯಾಹ್ನ ಅವರ ಹಟವೇ ಗೆದ್ದಿತು. ಹಳೆಯ ಆಯಿಲ್‌ಗೆ ಕ್ಲೀನರ್ ಸುರಿದು, ಗಾಡಿಯನ್ನು ನಿಂತಲ್ಲೇ ಹದಿನೈದು ನಿಮಿಷ ಚಾಲೂ ಇಟ್ಟೆ. ಆಮೇಲೆ ಆ ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ಬದಲಾಯಿಸಿ, ಹೊಸ ಆಯಿಲ್ ತುಂಬಬೇಕು. ಕ್ಲೀನರ್ ಬಿದ್ದ ಆಯಿಲ್ ನೀರಿನ ಹಾಗೆ ತೆಳುವಾಗಿರುತ್ತದೆ. ಅದರಲ್ಲೇ ಗಾಡಿ ಓಡಿಸಿದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಎಂಜಿನ್ ಹಿಡಿದುಕೊಂಡು ನಿಂತೇ ಹೋಗುತ್ತದೆ. ಏರುದಾರಿಯಲ್ಲಂತೂ ಕೇಳುವುದೇ ಬೇಡ.

ಮಾವ ಎಂದಿನಂತೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನನ್ನ ತಲೆಯ ಮೇಲೇ ನಿಂತಿದ್ದರು. “ಆಯಿಲ್ ಇಳಿಸೋ ಬೋಲ್ಟಿಗೆ ವಾಷರ್ ಹೊಸದು ತಾನೆ? ಹಳೇದನ್ನೇ ಹಾಕ್ಬಿಟ್ಟೀರಿ.”

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. “ಹನ್ನೆರಡು ವರ್ಷದಿಂದ ನಿಮ್ಮ ಅಳಿಯ ಆಗಿದೀನಿ ಮಾವ. ನಾನು ಮಾಡಿದ ಒಂದೇ ಒಂದು ಕೆಲಸಾನ ನೀವು ಮತ್ತೆ ತೆಗೆದು ನೋಡದೆ ಬಿಟ್ಟಿಲ್ಲ. ನಂಬಿಕೆ ಇಲ್ದಿದ್ರೆ ಬೇರೆ ಗ್ಯಾರೇಜಿಗೆ ಹೋಗಿ,” ಎಂದುಬಿಟ್ಟೆ.

ಮಾವನ ಮುಖ ಸಣ್ಣದಾಯಿತು. ಕಾರನ್ನು ಅಲ್ಲೇ ಬಿಟ್ಟು ನಡೆದುಕೊಂಡೇ ಮನೆಗೆ ಹೋದರು.

ನನ್ನ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇದೆ. ಕೊನೆಯ ಬೋಲ್ಟ್ ಬಿಗಿಯಾದ ಮೇಲೆಯೇ ಸ್ಟೇರಿಂಗಿಗೆ ಚೀಟಿ ಕಟ್ಟುವುದು. ಚೀಟಿ ಇದ್ದರೆ ಕೆಲಸ ಮುಗಿದಿದೆ ಎಂದರ್ಥ. ನಿನ್ನೆ ಮಾತ್ರ ಸಿಟ್ಟಿನಲ್ಲಿ ಚೀಟಿಯನ್ನು ಮೊದಲೇ ಬರೆದೆ. ‘ಮುಂದಿನ ಕ್ಲೀನರ್ ಮೂವತ್ತು ಸಾವಿರ ಕಿಲೋಮೀಟರ್ ಆದ ಮೇಲೆ, ಅದಕ್ಕೆ ಮೊದಲು ಬೇಡವೇ ಬೇಡ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಕಟ್ಟಿದೆ. ಅಷ್ಟರಲ್ಲಿ ಪಕ್ಕದ ಶೆಡ್ಡಿನ ಟಿಂಕರ್ ಕೂಗಿಕೊಂಡರು. ಜಾಕ್ ಜಾರಿ ಒಂದು ವ್ಯಾನು ಅವರ ಪಾದದ ಮೇಲೆ ಕೂತಿತ್ತು. ಅವರನ್ನು ಬಿಡಿಸಿ, ಪಟ್ಟಿ ಕಟ್ಟಿಸಿ ಬರುವಾಗ ಸಂಜೆಯಾಗಿತ್ತು. ಮಾವನ ಕಾರಿನಲ್ಲಿ ಚೀಟಿ ನೇತಾಡುತ್ತಿತ್ತು. ಹೆಂಡತಿ ಬಂದು ಕೇಳಿದಳು, ಕೀಲಿ ಕೊಟ್ಟೆ.

ಈಗ ಅವಳಿಗೆ ಫೋನ್ ಮಾಡಿದೆ. ಲೈನ್ ಸಿಗಲಿಲ್ಲ. ಮಾವನಿಗೆ ಮಾಡಿದೆ, ಅದೂ ಇಲ್ಲ. ಘಾಟಿಯಲ್ಲಿ ಸಿಗ್ನಲ್ ಇರುವುದಿಲ್ಲ, ಅಂದರೆ ಅವರು ಘಾಟಿ ಹತ್ತಿಯಾಗಿದೆ. ಗ್ಯಾರೇಜಿನ ಬಾಗಿಲನ್ನೂ ಎಳೆಯದೆ ಬೈಕು ಹತ್ತಿದೆ.

ದಾರಿಯುದ್ದಕ್ಕೂ ಒಂದೇ ಧೈರ್ಯ ಹೇಳಿಕೊಂಡೆ. ಮಾವ ಹೊರಡುವ ಮೊದಲು ಗೇಜ್ ಕಡ್ಡಿ ಎಳೆದು ಆಯಿಲ್ ನೋಡದೆ ಗಾಡಿ ತೆಗೆಯುವವರಲ್ಲ. ಕಡ್ಡಿಯ ತುದಿಯಲ್ಲಿ ಕಪ್ಪಗೆ, ತೆಳ್ಳಗೆ ಇಳಿಯುವುದನ್ನು ನೋಡಿದರೆ ಸಾಕು, ಮೂಸಿ ನೋಡಿದರೆ ಇನ್ನೂ ಸಾಕು, ಗೊತ್ತಾಗಿಬಿಡುತ್ತದೆ. ಇಷ್ಟು ಹೊತ್ತಿಗೆ ಎಲ್ಲೋ ನಿಲ್ಲಿಸಿ ನನಗೆ ಬೈಯುತ್ತಿರುತ್ತಾರೆ. ಬೈಯಲಿ. ಜೀವಮಾನವಿಡೀ ಬೈಯಲಿ.

ಘಾಟಿ ಶುರುವಾದ ಮೇಲೆ ಆ ಧೈರ್ಯವೂ ಉಳಿಯಲಿಲ್ಲ. ಎಂಜಿನ್ ಸತ್ತರೆ ಸ್ಟೇರಿಂಗ್ ಕಲ್ಲಾಗುತ್ತದೆ, ಬ್ರೇಕು ಸುಲಭಕ್ಕೆ ಹಿಡಿಯುವುದಿಲ್ಲ. ಕಾರು ಹಿಂದಕ್ಕೆ ಜಾರುತ್ತದೆ, ಹಿಂದೆ ಲಾರಿಗಳು. ಪ್ರತಿ ತಿರುವಿನಲ್ಲೂ ತಡೆಗೋಡೆ ಒಡೆದಿದೆಯೇ ಎಂದು ನೋಡುತ್ತಿದ್ದೆ, ನೋಡಲು ಹೆದರುತ್ತಲೂ ಇದ್ದೆ. ಮಗಳು ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಳ್ಳದೆ ಮಂಡಿಯೂರಿ ಹಿಂದಿನ ಗಾಜಿನಲ್ಲಿ ಲಾರಿ ಎಣಿಸುವವಳು. ಅದು ನೆನಪಾಗಿ ಆಕ್ಸಿಲರೇಟರ್ ಇನ್ನಷ್ಟು ತಿರುಚಿದೆ.

ಏಳನೆಯ ತಿರುವಿನಲ್ಲಿ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಒಬ್ಬ ಲಾರಿ ಚಾಲಕ ಕೆಳಗಿಳಿದು ನೀರು ಕುಡಿಯುತ್ತಿದ್ದ.

“ಏನಾಯ್ತು?”

“ಮುಂದೆ ಯಾವ್ದೋ ಕಾರು ಹಿಂದಕ್ಕೆ ಬಂದು ಲಾರಿಗೆ ಬಡೀತಂತೆ.”

“ಒಳಗಿದ್ದೋರು?”

“ಗೊತ್ತಿಲ್ಲಪ್ಪ.”

ಬೈಕನ್ನು ಅಲ್ಲೇ ಬೀಳಿಸಿ ಓಡಿದೆ. ಮಾವನ ಕಾರಿನ ಹಿಂಭಾಗ ಲಾರಿಯ ಮೂತಿಗೆ ಒತ್ತಿ ನುಗ್ಗಾಗಿತ್ತು. ಹಿಂದಿನ ಗಾಜು ಇರಲಿಲ್ಲ. ಸೀಟಿನ ಮೇಲೆಲ್ಲ ಗಾಜಿನ ಚೂರು. ಸೀಟು ಖಾಲಿ.

“ಅಪ್ಪಾ.”

ಮಗಳು ರಸ್ತೆ ಬದಿಯಲ್ಲಿ ಅಮ್ಮನ ತೊಡೆಯ ಮೇಲೆ ಕೂತಿದ್ದಳು. ಹಣೆಗೆ ಒತ್ತಿದ್ದ ಕರವಸ್ತ್ರ ಒಂದು ಮೂಲೆಯಲ್ಲಿ ಕೆಂಪಾಗಿತ್ತು. “ಕಾರು ಆಫ್ ಆಗಿ ಹಿಂದಕ್ಕೆ ಹೋಯ್ತು, ತಾತ ಬ್ರೇಕ್ ಮೇಲೆ ಎದ್ದು ನಿಂತ್ಕೊಂಡ್ಬಿಟ್ರು,” ಎಂದಳು. ಅವಳ ತಲೆ, ಕತ್ತು, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದೆ. ಹೋದ ಜೀವ ಬಂದಂತಾಯಿತು.

ಮಾವ ಸ್ವಲ್ಪ ದೂರದಲ್ಲಿ ಒಂದು ಕಲ್ಲಿನ ಮೇಲೆ ಕೂತಿದ್ದರು. ಹೆಂಡತಿ ಅವರ ಕಡೆ ನೋಡುತ್ತಿರಲಿಲ್ಲ. “ರೀ, ಅಪ್ಪನಿಗೆ ಹೇಳಿ. ಇನ್ಮೇಲೆ ಗಾಡಿ ಮುಟ್ಟೋದು ಬೇಡ,” ಎಂದಳು. ಕಾರಿನ ಕೀಲಿ ಅವಳ ಮುಷ್ಟಿಯಲ್ಲಿತ್ತು.

ಮಾವ ತಲೆಯೆತ್ತಿದರು. “ತಪ್ಪು ನಂದೇ ಅಳಿಯಂದ್ರೆ. ನೀವು ಬೇಡ ಬೇಡ ಅಂತಾನೇ ಇದ್ರಿ. ಸಲ ಸಲಕ್ಕೂ ಕ್ಲೀನರ್ ಹಾಕ್ಸಿ ಹಾಕ್ಸಿ ಎಂಜಿನ್ ನಾನೇ ಹಾಳು ಮಾಡ್ದೆ. ಮಗು ಜೀವ ತೆಗೀತಿದ್ದೆ.”

ಹಲಗೆಯ ಮೇಲಿನ ಡಬ್ಬಿಯನ್ನು ನನ್ನ ಹೊರತು ಯಾರೂ ನೋಡಿರಲಿಲ್ಲ. ಸುಮ್ಮನಿದ್ದರೆ ಆಗುತ್ತಿತ್ತು. ವಾದದಲ್ಲಿ ಗೆದ್ದಹಾಗೂ ಆಗುತ್ತಿತ್ತು. ದಾರಿಯಲ್ಲಿ ಪಟ್ಟ ಹೆದರಿಕೆ ಒಂದು ಥರದ್ದು, ಆ ಗಳಿಗೆಯಲ್ಲಿ ನನಗೆ ನನ್ನ ಮೇಲೇ ಹುಟ್ಟಿದ ಹೆದರಿಕೆ ಬೇರೆ ಥರದ್ದು.

“ನಿಮ್ಮದಲ್ಲ ಮಾವ,” ಎಂದೆ. “ಹೊಸ ಆಯಿಲ್ ನಾನು ಹಾಕೇ ಇಲ್ಲ. ಕ್ಲೀನರ್ ಸುರಿದಿದ್ದ ಹಳೇ ಆಯಿಲ್ಲೇ ಒಳಗಿತ್ತು. ಮರೆತು ಕೀಲಿ ಕೊಟ್ಟೆ.”

ಹೆಂಡತಿ ನನ್ನನ್ನೇ ನೋಡಿದಳು. ಮಗಳನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

ಮಾವನ ಬೈಗುಳಕ್ಕೆ ಕಾಯುತ್ತಾ ನಿಂತೆ. ಬೈಯಲಿಲ್ಲ. ನಾನೇ ತಡೆಯಲಾರದೆ ಕೇಳಿದೆ, “ಬೆಳಿಗ್ಗೆ ಗೇಜ್ ಎಳೆದು ನೋಡ್ಲಿಲ್ವಾ ಮಾವ?”

“ನೋಡೋಣ ಅಂತ ಬಾನೆಟ್ ಎತ್ತಿದ್ದೆ,” ಎಂದರು ಮೆಲ್ಲಗೆ. “ನಿನ್ನೆ ನೀವು ಅಷ್ಟು ನೊಂದ್ಕೊಂಡಿದ್ರಲ್ಲ. ಇವತ್ತೊಂದಿನ ನೋಡೋದು ಬೇಡ ಅಂತ ಹಾಗೇ ಮುಚ್ಚಿದೆ.”