ಅರವತ್ತೇಳನೆಯ ಮತ

ದೇಶದ ಮೇಲ್ಮನೆಯಾದ ಸೆನೆಟಿನ ಖಾಲಿ ಸ್ಥಾನಕ್ಕೆ ಒಬ್ಬನನ್ನು ಆರಿಸಲು ನೆಬ್ರಾಸ್ಕಾ ರಾಜ್ಯದ ಶಾಸನಸಭೆ ಕೂತು ಮೂವತ್ತೆಂಟು ದಿನಗಳಾಗಿದ್ದವು. ದಿನವೂ ನಡುಮಧ್ಯಾಹ್ನ ಎರಡೂ ಸದನಗಳು ಒಟ್ಟಿಗೆ ಸೇರಬೇಕು. ಗುಮಾಸ್ತ ಕೂಗಿದಂತೆ ಒಬ್ಬೊಬ್ಬರೂ ಎದ್ದು ತಮ್ಮ ಆಯ್ಕೆಯನ್ನು ಬಾಯಿಬಿಟ್ಟು ಹೇಳಬೇಕು. ಯಾರಿಗಾದರೂ ಅರವತ್ತೇಳು ಮತ ಬೀಳುವ ತನಕ ಕಾನೂನು ಬಿಡದು. ರೈಲ್ವೆಯ ಹಳೆಯ ವಕೀಲ ಲೂಷಿಯಸ್ ಪೊಮ್ರಾಯ್ ಅರವತ್ತಾರಕ್ಕೆ ಬಂದು, ಕೆಸರಲ್ಲಿ ಹೂತ ಗಾಡಿಯಂತೆ ನಿಂತುಬಿಟ್ಟಿದ್ದ. ಅವನ ಪಕ್ಷದವನೇ ಆದ ಹಾಲ್ವೊರ್ ಟ್ವೇಟ್ ಮಾತ್ರ ಗೆಲ್ಲುವ ಆಸೆಯೇ ಇಲ್ಲದ ಒಬ್ಬ ಮುದುಕನ ಹೆಸರು ಹೇಳಿ ಕೂರುತ್ತಿದ್ದ.

ಹಾಲ್ವೊರ್ ಮೆಕ್ಕೆಜೋಳ ಬೆಳೆಯುವವ. ಒಂಬತ್ತು ವರ್ಷದ ಹಿಂದೆ ರೈಲಿನ ಕಿಡಿಯಿಂದ ಹುಲ್ಲುಬಯಲು ಹೊತ್ತಿಕೊಂಡಾಗ ಅವನ ತಮ್ಮ ಟೊರ್ಗೆರ್ ಒದ್ದೆ ಗೋಣಿಚೀಲದಿಂದ ಬೆಂಕಿ ಬಡಿಯುತ್ತಲೇ ಸತ್ತಿದ್ದ. ಮನೆಯವರು ಪರಿಹಾರಕ್ಕೆ ದಾವೆ ಹೂಡಿದಾಗ, ಸತ್ತವನು ಕುಡಿದು ಬೆಂಕಿಯೊಳಕ್ಕೆ ನಡೆದನೆಂದು ಪೊಮ್ರಾಯ್ ರೈಲ್ವೆಯ ಪರವಾಗಿ ಕೋರ್ಟಿನಲ್ಲಿ ವಾದಿಸಿದ. ತೂರಾಡುವುದನ್ನು ನಟಿಸಿಯೂ ತೋರಿಸಿದ. ಜೂರಿಯ ಹನ್ನೆರಡು ಜನರೂ ನಕ್ಕರು. ಇಗರ್ಜಿಯ ದ್ರಾಕ್ಷಾರಸ ಬಿಟ್ಟು ಬೇರೇನನ್ನೂ ಮುಟ್ಟದವನು ಟೊರ್ಗೆರ್. ಅವನ ಹೆಂಡತಿ ಅಂದಿನಿಂದ ಇಗರ್ಜಿಯಲ್ಲಿ ಕೊನೆಯ ಬೆಂಚಿಗೆ ಸರಿದು ಕೂತವಳು ಮುಂದೆ ಬರಲೇ ಇಲ್ಲ.

ಮೂವತ್ತೊಂಬತ್ತನೆಯ ದಿನ ಬೆಳಿಗ್ಗೆ ಕೆಲವು ಶಾಸಕರು ತಿಂಡಿ ತಿನ್ನುವ ಹೆನ್ರಿಯೆಟಮ್ಮನ ಮನೆಗೆ ಪೊಮ್ರಾಯ್ ತಾನೇ ಬಂದ. ಸೇತುವೆ ಬೇಕೇ, ಅಂಚೆಕಚೇರಿ ಬೇಕೇ ಎಂದೆಲ್ಲ ಕೇಳಿದ. ಹಾಲ್ವೊರ್ ಹಂದಿಮಾಂಸದ ಚೂರನ್ನು ನಿಧಾನವಾಗಿ ಅಗಿದು ನುಂಗಿದ ಮೇಲೆ, ತನಗೆ ಒಂದೇ ಮಾತು ಬೇಕು, ಅದನ್ನು ಎಲ್ಲರೆದುರು ಹೇಳಬೇಕು ಎಂದ.

"ನಮ್ಮ ಟೊರ್ಗೆರ್ ಅವತ್ತು ಕುಡಿದಿದ್ನಾ, ಸಾಹೇಬ್ರೆ?"

ಪೊಮ್ರಾಯ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ಇಲ್ಲಪ್ಪಾ. ಅದು ನನಗೆ ಆಗ್ಲೇ ಗೊತ್ತಿತ್ತು. ವಕೀಲನ ಬಾಯಿ, ರೈಲ್ವೆಯೋರ ಕೆಲಸ. ಅದನ್ನ ಇನ್ನೂ ಎದೇಲಿಟ್ಕೊಂಡಿದೀಯಾ?"

ಹೆನ್ರಿಯೆಟಮ್ಮ ಕಾಫಿ ಬಗ್ಗಿಸುತ್ತಿದ್ದವಳು ಕೈ ತಡೆದಳು. ಹಾಲ್ವೊರ್ ಮಾತ್ರ ತನ್ನ ಮತ ಇವತ್ತು ಅವನಿಗೇ ಎಂದು ಹೇಳಿ ತಟ್ಟೆಯತ್ತ ಬಗ್ಗಿದ.

ಮಧ್ಯಾಹ್ನ ಪಟ್ಟಿಯ ಕೊನೆಯಲ್ಲಿ ಅವನ ಹೆಸರು ಬಂತು. ಎದ್ದು "ಪೊಮ್ರಾಯ್" ಎಂದ. ಸಭೆ ಕೇಕೆಯಿಂದ ಬಿರಿದುಹೋಯಿತು. ಟೋಪಿಗಳು ಹಾರಿದವು. ಬೆಂಬಲಿಗರು ಪಕ್ಕದ ಕೋಣೆಗೆ ನುಗ್ಗಿ ಪೊಮ್ರಾಯ್‌ನನ್ನು ಹೆಗಲ ಮೇಲೆ ಹೊತ್ತು ತಂದರು. ಅಧ್ಯಕ್ಷರು ಫಲಿತಾಂಶ ಸಾರುವ ತನಕ ಯಾವ ಸದಸ್ಯನಾದರೂ ಮತ ಬದಲಿಸಬಹುದೆಂಬುದು ಸಭೆಯ ಹಳೆಯ ನಿಯಮ. ಗುಮಾಸ್ತ ಇನ್ನೂ ಮತಗಳನ್ನು ಕೂಡಿಸುತ್ತಿದ್ದ. ಮೂವತ್ತೊಂಬತ್ತು ದಿನ ಕಾದವರಿಗೆ ಎಣಿಕೆಯ ಆ ಎರಡು ನಿಮಿಷದ ನೆನಪಾಗಲಿಲ್ಲ. ಹಾಲ್ವೊರ್ ಕೂರಲೂ ಇಲ್ಲ, ಅವಸರಪಡಲೂ ಇಲ್ಲ. ಪೊಮ್ರಾಯ್ ವೇದಿಕೆಯ ಮೆಟ್ಟಿಲ ಬಳಿ ಇಳಿದು, ಕೋಟು ಸರಿಮಾಡಿಕೊಂಡು, ಮಾತಿಗೆ ಬಾಯಿ ತೆರೆಯುವವರೆಗೂ ಕಾದ.

"ಅಧ್ಯಕ್ಷರೇ, ನನ್ನ ಮತ ವಾಪಸ್ ತಗೋತೀನಿ."

ಗದ್ದಲ ಹಿಂದಿನ ಸಾಲಿನಿಂದ ಮುಂದಕ್ಕೆ ಆರುತ್ತ ಬಂತು. ಹಾಲ್ವೊರ್ ಕಾರಣವನ್ನೂ ಹೇಳಿದ. ಬೆಳಿಗ್ಗೆ ಕೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದ. ತಿಂಡಿಯ ಮೇಜಿನಲ್ಲಿದ್ದ ಇಬ್ಬರು ಶಾಸಕರು ಹೌದೆಂದು ಎದ್ದರು. ತಮ್ಮ ಮತಗಳನ್ನೂ ಕಿತ್ತುಕೊಂಡರು. ಅವರ ಹಿಂದೆ ಇನ್ನೂ ಏಳು ಜನ ಎದ್ದರು.

"ಮಾತು ಕೊಟ್ಟು ತಪ್ಪಿದೆಯಲ್ಲೋ, ರೈತಾ," ಎಂದ ಪೊಮ್ರಾಯ್, ಕೆಳದನಿಯಲ್ಲಿ.

"ತಪ್ಪಿದೆ ಸಾಹೇಬ್ರೆ. ಬೇಕಂತ್ಲೇ ತಪ್ಪಿದೆ."

ಪಕ್ಕದ ಕುರ್ಚಿಯ ಡಾಬ್ಸ್ ಅವನ ತೋಳು ಎಳೆದು, ಇನ್ನು ನಿಮ್ಮೂರಿಗೆ ಸೇತುವೆಯಿಲ್ಲ, ನಿನಗೆ ಪಕ್ಷವಿಲ್ಲ ಎಂದು ಪಿಸುಗುಟ್ಟಿದ. ಗೊತ್ತು ಎಂಬಂತೆ ಹಾಲ್ವೊರ್ ತಲೆಯಾಡಿಸಿದ. ಮತ ಬದಲಿಸಿದವರ ವಿವರಣೆ ಸಭೆಯ ದಾಖಲೆಗೆ ಸೇರಬೇಕು. ಅದನ್ನು ಓದಿಸಿ ಕೇಳುವುದು ಸದಸ್ಯನ ಹಕ್ಕು. ಅವನು ಗುಮಾಸ್ತನ ಮೇಜಿನ ಹತ್ತಿರ ಹೋಗಿ ನಿಂತ. ಬರೆದದ್ದನ್ನು ಗಟ್ಟಿಯಾಗಿ ಓದಬೇಕೆಂದು ಕೇಳಿದ.

"ಟೊರ್ಗೆರ್ ಟ್ವೇಟ್ ಕುಡಿದಿರಲಿಲ್ಲವೆಂದೂ, ಅದು ತನಗೆ ತಿಳಿದಿತ್ತೆಂದೂ ಶ್ರೀ ಪೊಮ್ರಾಯ್ ಒಪ್ಪಿರುತ್ತಾರೆ," ಎಂದು ಗುಮಾಸ್ತ ಓದಿದ.

ಪೊಮ್ರಾಯ್ ಬಾಗಿಲ ಕಡೆ ತಿರುಗಿದ. ಆದರೆ ನಡುದಾರಿಯಲ್ಲಿ ಜನ ಕಿಕ್ಕಿರಿದಿದ್ದರು, ಯಾರೂ ಜಾಗ ಬಿಡಲಿಲ್ಲ.

"ಇನ್ನೊಂದ್ಸಲ ಓದಿ," ಎಂದ ಹಾಲ್ವೊರ್.