ಕಾಂತಾಳ ನಾರ್ಮಲ್ ರಕ್ತ

ಮಂದಿಯ ರಕ್ತ ಪರೀಕ್ಷೆ ಮಾಡುವವರಿಗೆ ತಮ್ಮ ರಕ್ತದ ಮೇಲೆ ಎಂಥ ಭರವಸೆ ನೋಡಿ. ಬೆಳಗಾವಿಯ ಆ ಪ್ರಯೋಗಾಲಯದಲ್ಲಿ ದಿನವೂ ರೋಗಿಗಳ ರಕ್ತದ ಜೊತೆಗೆ ಆರೋಗ್ಯವಂತರೊಬ್ಬರ ರಕ್ತವನ್ನೂ ಇಟ್ಟು ಹೋಲಿಸಿ ನೋಡಬೇಕಿತ್ತು. ಅದಕ್ಕೆ ‘ನಾರ್ಮಲ್’ ಎಂದು ಹೆಸರು. ನಾರ್ಮಲ್ ಹುಡುಕಿಕೊಂಡು ಬೀದಿಗೆ ಹೋಗುವವರು ಯಾರು? ಎಂಟು ತಿಂಗಳಿಂದ ಅಲ್ಲಿನ ಟೆಕ್ನಿಶಿಯನ್ ಕಾಂತಾ ತನ್ನ ತೋಳನ್ನೇ ಚಾಚುತ್ತಿದ್ದಳು. ಬೀಡಿ ಊರಿನ ಜೋಳದ ರೊಟ್ಟಿ ತಿಂದು ಬೆಳೆದ ಇಪ್ಪತ್ತಮೂರರ ಗಟ್ಟಿ ಹುಡುಗಿ, ಅವಳ ರಕ್ತಕ್ಕೇನು ಧಾಡಿ ಎಂದು ಎಲ್ಲರೂ ನಂಬಿದ್ದರು. ಎಲ್ಲರಿಗಿಂತ ಹೆಚ್ಚು ಅವಳೇ ನಂಬಿದ್ದಳು.

ಅದು ಸಾವಿರದ ಒಂಬೈನೂರಾ ಎಂಬತ್ತೆರಡು. ಕೆಲವು ಮನೆಗಳ ಕೂಸುಗಳು ಆರು ತಿಂಗಳಾಗುತ್ತಲೇ ಯಾಕೆ ಬಿಳಿಚಿಕೊಂಡು ಸೊರಗುತ್ತವೆ ಎಂಬುದು ಡಾಕ್ಟರ್ ಪದ್ಮಾಕರ ಅವರ ಸಂಶೋಧನೆ. ರಕ್ತದ ಕೆಂಪಿಗೆ ಕಾರಣವಾದ ಹಿಮೋಗ್ಲೋಬಿನ್ ಕಟ್ಟುವ ಎರಡು ಎಳೆಗಳಲ್ಲಿ ಒಂದು ಈ ಕೂಸುಗಳಲ್ಲಿ ತಯಾರಾಗುವುದೇ ಇಲ್ಲ, ಆ ಕೊರತೆ ತಂದೆತಾಯಿ ಇಬ್ಬರಿಂದಲೂ ಬರುತ್ತದೆ ಎಂಬುದು ಅವರ ಲೆಕ್ಕ. ಕಾಗದದಂಥ ಪಟ್ಟಿಯೊಂದರ ಮೇಲೆ ರಕ್ತದ ಹನಿ ಇಟ್ಟು ಕರೆಂಟು ಹಾಯಿಸಿದರೆ ಗೆರೆಗಳು ಬೇರೆಬೇರೆಯಾಗಿ ಮೂಡುತ್ತವೆ. ಕೊರತೆಯನ್ನು ಹೊತ್ತ ತಂದೆತಾಯಿಯಲ್ಲಿ ಎಲ್ಲಕ್ಕಿಂತ ಹಿಂದೆ ಉಳಿಯುವ ಗೆರೆ ಬೇರೆಯವರದಕ್ಕಿಂತ ದಪ್ಪಗಿರಬೇಕು. ಆದರೆ ಎಂಟು ತಿಂಗಳು ನೋಡಿದರೂ ಎಲ್ಲ ತಂದೆತಾಯಿಯರ ಗೆರೆ ಥೇಟ್ ನಾರ್ಮಲ್ ಗೆರೆಯ ಹಾಗೆಯೇ ಬಂತು. ಡಾಕ್ಟರು ಊಟ ಬಿಟ್ಟು ಚಹಾದ ಮೇಲೆ ಬದುಕತೊಡಗಿದರು.

ಒಂದು ಶುಕ್ರವಾರ ಕಾಂತಾ ರಜೆ ಹಾಕಿದಳು. ಅಂದು ಅವಳ ಮದುವೆಯ ನಿಶ್ಚಯ. ಅವಳ ಬದಲು ಗಾಜಿನ ಸಾಮಾನು ತೊಳೆಯುವ ರಾಜಮತಿ ತೋಳು ಕೊಟ್ಟಳು. ರಾಜಮತಿಯ ಗೆರೆ ಸಣ್ಣಗೆ, ಕಂಡೂ ಕಾಣದ ಹಾಗೆ ಬಂತು. ಪಾಪ, ಇವಳಿಗೇನೋ ಆಗಿದೆ ಎಂದುಕೊಂಡ ಡಾಕ್ಟರು ತಮ್ಮದನ್ನೂ ಸೇರಿಸಿ ಇನ್ನೈದು ಜನರ ರಕ್ತ ನೋಡಿದರು. ಐದೂ ಸಣ್ಣ ಗೆರೆ.

ಶನಿವಾರ ಕಾಂತಾ ಬಂದಾಗ ಅವರು ಮದುವೆಮನೆಯ ಯಜಮಾನನ ಹಾಗೆ ಓಡಾಡುತ್ತಿದ್ದರು.

“ನಮ್ಮ ವಿಚಾರ ಖರೇ ಇತ್ತರೀ ಕಾಂತಾ. ತಪ್ಪಿದ್ದು ನಾರ್ಮಲ್. ನಿಮ್ಮದ ಗೆರಿ ದಪ್ಪ ಐತಿ.”

ಅವಳ ಮುಖ ನೋಡಿ ಅವರು ಸಮಾಧಾನ ಹೇಳಿದರು. “ಅಂಜಬ್ಯಾಡ್ರಿ, ನಿಮಗೇನೂ ರೋಗ ಇಲ್ಲ. ಇಂಥಾದ್ದ ಗೆರಿ ಇದ್ದಾವನ್ನ ಮಾತ್ರ ಲಗ್ನ ಆಗಬ್ಯಾಡ್ರಿ. ನಾಕರಾಗ ಒಂದು ಕೂಸು ಹಂಗ ಹುಟ್ಟತೈತಿ.”

ಕಾಂತಾಳಿಗೆ ನಲವತ್ತೊಂದನೇ ನಂಬರಿನ ಪಟ್ಟಿ ನೆನಪಾಯಿತು. ಹಿಂದಿನ ತಿಂಗಳು ರೊಟ್ಟಿಗಂಟು ಕೊಡಲು ಬಂದಿದ್ದ ಬಾಳಪ್ಪನನ್ನು ಕೂರಿಸಿ, ಇನ್ನೊಂದು ನಾರ್ಮಲ್ ಇರಲಿ ಎಂದು ಅವಳೇ ರಕ್ತ ತೆಗೆದಿದ್ದಳು. ಗೆರೆ ಹುಬೇಹೂಬು ತನ್ನದರ ಹಾಗೆ ಬಂದಾಗ, ಜೋಡಿ ಸರಿಯಾಗಿದೆ ಎಂದು ಒಳಗೊಳಗೇ ಹಿಗ್ಗಿದ್ದಳು. ಬಾಳಪ್ಪ ಅವಳ ತಾಯಿಯ ಕಿರಿಯ ತಮ್ಮ. ನಿಶ್ಚಯವಾದದ್ದು ಅವನ ಜೊತೆಗೇ. ಅವರ ಕಡೆ ಅಕ್ಕನ ಮಗಳ ಮೇಲೆ ಸೋದರಮಾವನ ಹಕ್ಕು ಹುಟ್ಟಿದಾಗಿನಿಂದ ಇರುತ್ತದೆ.

ಆ ಹಕ್ಕನ್ನು ಅವಳು ಎರಡು ಸಲ ತಳ್ಳಿದ್ದಳು. ಮೊದಲು ಬಿ.ಎಸ್ಸಿ. ಮುಗಿಯಲಿ ಎಂದಳು, ಆಮೇಲೆ ನೌಕರಿ ಕಾಯಂ ಆಗಲಿ ಎಂದಳು. ಎರಡೂ ನೆಪ. ಬಾಳಪ್ಪ ಐದು ವರ್ಷ ಕಾದ. ಮಚ್ಛೆಯ ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವ ಕೆಲಸ, ಮುಂಗೈ ತುಂಬ ಸುಟ್ಟ ಕಲೆ, ಮಾತು ಕಡಿಮೆ. ಭಾನುವಾರ ಬೀಡಿಯಿಂದ ಮರಳುವ ಅವಳು ಖಾನಾಪುರದಲ್ಲಿ ಬಸ್ಸು ಬದಲಿಸಬೇಕು. ಪ್ರತಿ ಭಾನುವಾರ ಅವನು ಅಲ್ಲಿ ನಿಂತಿರುತ್ತಿದ್ದ. ಬೆಳಗಾವಿ ಬಸ್ಸು ಬರುತ್ತಲೇ ಕಿಟಕಿಯಿಂದ ತನ್ನ ಟಾವೆಲ್ ಎಸೆದು ಅವಳಿಗೆ ಜಾಗ ಹಿಡಿಯುತ್ತಿದ್ದ. ಅವಳು ಕುಳಿತ ಮೇಲೆ ಟಾವೆಲ್ ಇಸಿದುಕೊಂಡು ಹೋಗುತ್ತಿದ್ದ. ಅಷ್ಟೇ. ಅಷ್ಟರಲ್ಲೇ ಅವಳಿಗೆ ಅವನ ಮೇಲೆ ಯಾವಾಗ ಮನಸ್ಸಾಯಿತೋ ಅವಳಿಗೇ ತಿಳಿಯದು. ಈ ಸಲ ಹೂಂ ಎಂದದ್ದು ಮನಸಾರೆ.

ಭಾನುವಾರ ಅವ್ವನಿಗೆ ಎಲ್ಲ ಬಿಡಿಸಿ ಹೇಳಿದಳು. ನಿಂಗವ್ವ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

“ಮೊದಲ ಸಾಲಿ ಅಂದಿ, ಆಮ್ಯಾಲ ನೌಕರಿ ಅಂದಿ, ಈಗ ರಕ್ತ ಅಂತಿ.”

“ಅವ್ವಾ, ನಿನ್ನ ಬೆನ್ನಿಗೆ ಬಿದ್ದ ಎರಡು ಕೂಸು ಬೆಳ್ಳಗಾಗಿ ಸತ್ತವಂತ ನೀನ ಹೇಳಿದ್ದಿ. ಅಜ್ಜಿನೂ ಸೋದರಮಾವನ್ನ ಮಾಡಿಕೊಂಡಾಕಿ.”

“ಅವಕ್ಕ ದೃಷ್ಟಿ ತಾಗಿತ್ತು.”

“ಡಾಕ್ಟರನ್ನ ಕರಕೊಂಡ ಬರತೀನಿ, ಅವರ ಹೇಳಲಿ.”

“ನೀ ಕಲಿಸಿದ್ದ ಹೇಳತಾನ. ಈ ಮಾತು ಓಣ್ಯಾಗ ಬಿದ್ದರ ನಿನ್ನ ತಂಗಿ ಕೈ ಯಾರ ಹಿಡೀತಾರ?”

ನುಂಗಿದರೆ ಗಂಟಲು ಸುಡುವ, ಉಗುಳಿದರೆ ಮನೆ ಸುಡುವ ಬಿಸಿ ತುಪ್ಪ. ಹಿಂದೆ ತಾನೇ ಹೇಳಿದ ನೆಪಗಳೆಲ್ಲ ಈಗ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ನಿಂತಿದ್ದವು. ಕಾಂತಾಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಸಂಜೆ ಖಾನಾಪುರ ಸ್ಟ್ಯಾಂಡಿನಲ್ಲಿ ಬಾಳಪ್ಪ ಪೂರ್ತಿ ಕೇಳಿದ. ನಡುವೆ ಬಾಯಿ ಹಾಕಲಿಲ್ಲ, ನಗಲಿಲ್ಲ, ನಂಬಿದ. ಅದೇ ಹೆಚ್ಚು ಕಷ್ಟವಾಯಿತು.

“ನಾಕರಾಗ ಒಂದಲ್ಲ?” ಎಂದ. “ನಮ್ಮಲ್ಲೂ ನಾಕು ಹೊಯ್ದರ ಒಂದು ಕೆಡತೈತಿ. ಅದಕ್ಕ ಯಾರೂ ಫೌಂಡ್ರಿ ಬಾಗಲಾ ಹಾಕಿಲ್ಲ.”

“ಕೆಟ್ಟದ್ದನ್ನ ಏನ ಮಾಡತೀರಿ?”

“ಒಡದು ಮತ್ತ ಕುಲುಮಿಗೆ…”

ಪ್ರಯೋಗಾಲಯದ ಪಕ್ಕದ ವಾರ್ಡಿನಲ್ಲಿ ಸಾತವ್ವ ಎಂಬಾಕೆಯ ಕೂಸಿತ್ತು. ತಿಂಗಳಿಗೊಮ್ಮೆ ಬೇರೆಯವರ ರಕ್ತ ಏರಿಸಿಕೊಂಡು ತಿಂಗಳಷ್ಟೇ ಬದುಕುವ ಕೂಸು. ಸೂಜಿ ಕಂಡರೆ ಅಳುವುದನ್ನೂ ಅದು ಬಿಟ್ಟಿತ್ತು. ಅದನ್ನು ಎತ್ತಿ ಹಿಡಿಯುತ್ತಿದ್ದವಳು ಕಾಂತಾ.

“ಹಂಗಾರ ಮಕ್ಕಳ ಬ್ಯಾಡ,” ಎಂದ ಬಾಳಪ್ಪ ನಿಧಾನವಾಗಿ. “ನೀ ಇದ್ದರ ಸಾಕು.”

ಪಕ್ಕದ ಕಟ್ಟೆಯ ಮೇಲೆ ಯಾರದೋ ಕೂಸು ಅವನ ಕಡೆ ಕೈ ಚಾಚಿತ್ತು. ಅಷ್ಟು ಮಾತಿನ ನಡುವೆಯೂ ಅವನು ಅದಕ್ಕೆ ಬೆರಳು ಕೊಟ್ಟಿದ್ದ, ಅದು ಹಿಡಿದು ಜಗ್ಗುತ್ತಿತ್ತು. ಕಾಂತಾ ಆ ಬೆರಳನ್ನು ನೋಡಿದಳು. ಅವನು ಹೇಳಿದ ಹಾಗೆ ನಡೆದುಕೊಳ್ಳುತ್ತಾನೆ, ಹತ್ತು ವರ್ಷ, ಇಪ್ಪತ್ತು ವರ್ಷ, ಒಂದು ಮಾತಾಡದೆ.

“ರಕ್ತದ ಮಾತ ಬಿಡು ಮಾಮಾ,” ಎಂದಳು. “ನನಗ ನೀ ಬ್ಯಾಡ. ಐದು ವರ್ಷದಿಂದ ಅದನ್ನ ಹೇಳಾಕ ಹತ್ತೀನಿ. ನಿನಗ ತಿಳೀಲಿಲ್ಲ.”

ಖರೇ ಹೇಳಿದಾಗ ಅವನ ಹತ್ತಿರ ಪ್ರಶ್ನೆಯಿತ್ತು, ಲೆಕ್ಕವಿತ್ತು, ಉಪಾಯವಿತ್ತು. ಸುಳ್ಳಿಗೆ ಏನೂ ಇರಲಿಲ್ಲ. ಅವಳು ಎರಡು ಸಲ ಹೇಳಿದ್ದನ್ನೇ ಮೂರನೇ ಸಲ ಹೇಳಿದ್ದಳಲ್ಲ. ಅವನು ಮೆಲ್ಲಗೆ ಕೂಸಿನ ಮುಷ್ಟಿಯಿಂದ ಬೆರಳು ಬಿಡಿಸಿಕೊಂಡ.

“ಬ್ಯಾರೆ ಹುಡಗೀನ ನೋಡಿದರ,” ಎಂದಳು ಕಾಂತಾ, “ಲಗ್ನಕ್ಕ ಮೊದಲ ಆಕೀನ ನಮ್ಮ ಲ್ಯಾಬಿಗೆ ಕಳಸು. ನಾನ ನೋಡತೀನಿ.”

ಅವನು ಆಗಲಿ ಎಂದು ತಲೆಯಾಡಿಸಿದ.

ಬೆಳಗಾವಿ ಬಸ್ಸು ಬಂತು. ಮಂದಿ ಮುಗಿಬಿದ್ದರು. ಬಾಳಪ್ಪ ಎಂದಿನಂತೆ ನುಗ್ಗಿ, ಹೆಗಲ ಮೇಲಿನ ಟಾವೆಲ್ ಕಿಟಕಿಯಿಂದ ಎಸೆದು ಜಾಗ ಹಿಡಿದ. ಅವಳು ಹತ್ತಿ ಕುಳಿತು, ಟಾವೆಲ್ ಮಡಚಿ, ಕೊಡಲೆಂದು ಕಿಟಕಿಯಾಚೆ ಕೈ ಚಾಚಿದಳು. ಇಸಿದುಕೊಳ್ಳಲು ಅವನು ಅಲ್ಲಿರಲಿಲ್ಲ.