ಷಷ್ಟಿಪೂರ್ತಿಗೆ ಕೆಂಪು ಕಾರು

ಕಾಮೇಶ್ವರರಾಯರು ಬದುಕಿನ ಬಹುಪಾಲನ್ನು ಹಡಗಿನ ಎಂಜಿನ್ ಕೋಣೆಯಲ್ಲಿ ಕಳೆದವರು. ಹಡಗಿನಲ್ಲಿ ಮುಖ್ಯ ಎಂಜಿನಿಯರನ್ನು ‘ಚೀಫ್’ ಎಂದೇ ಕರೆಯುವುದು ರೂಢಿ. ನಿವೃತ್ತರಾಗಿ ವಿಶಾಖಪಟ್ಟಣದ ಮನೆಯಲ್ಲಿ ಕೂತ ಮೇಲೂ ಅವರು ಆ ಹೆಸರನ್ನು ಬಿಟ್ಟುಕೊಡಲಿಲ್ಲ. ಹಾಲಿನವನಾಗಲಿ, ಪಕ್ಕದ ಮನೆಯ ವೆಂಕಟರಮಣನಾಗಲಿ, ‘ಚೀಫ್’ ಎಂದು ಕೂಗಿದರೆ ಮಾತ್ರ ಪೇಪರಿನಿಂದ ತಲೆ ಎತ್ತುತ್ತಿದ್ದರು.

ಅವರ ಇನ್ನೊಂದು ಹೆಮ್ಮೆ ಕೆಂಪು ಕಾರು. ಎಂಬತ್ತರ ದಶಕದಲ್ಲಿ ಜಪಾನಿನಿಂದ ಹಡಗಿನಲ್ಲೇ ತಂದದ್ದು. ಎರಡೇ ಬಾಗಿಲು, ಮೂಗು ಉದ್ದ. ಹಿಂದಿನ ಸೀಟು ಎಷ್ಟು ಚಿಕ್ಕದೆಂದರೆ ಅಲ್ಲಿ ಒಂದು ಹಲಸಿನಹಣ್ಣು ಕೂರಬಹುದು, ಮನುಷ್ಯ ಕೂರಲಾರ. ಅದು ಬಂದ ವಾರವೇ ಹೆಂಡತಿ ಅನಸೂಯಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಭೀಮಿಲಿಯವರೆಗೆ ಕಡಲ ದಂಡೆಯಲ್ಲಿ ಓಡಿಸಿದ್ದರು. ಅರವತ್ತು ತುಂಬಿದಾಗ ಷಷ್ಟಿಪೂರ್ತಿ ಮಾಡಿಕೊಂಡು, ಎರಡನೇ ತಾಳಿ ಕಟ್ಟಿದ ಮೇಲೆ ಇದೇ ಕಾರಿನಲ್ಲಿ ಮತ್ತೆ ಭೀಮಿಲಿಗೆ ಹೋಗೋಣ ಎಂದು ಆವತ್ತೇ ಮಾತು ಕೊಟ್ಟಿದ್ದರಂತೆ.

ಈಗ ಅರವತ್ತು ತುಂಬಿತ್ತು, ಕಾರು ಮಾತ್ರ ಓಡುತ್ತಿರಲಿಲ್ಲ. ವರ್ಷಗಟ್ಟಲೆ ನಿಂತಲ್ಲೇ ನಿಂತು ಉಪ್ಪುಗಾಳಿ ಕುಡಿದಿತ್ತು. ಊರಿನ ಮೆಕ್ಯಾನಿಕ್‌ಗಳೆಲ್ಲ ಬಂದು ಬಾನೆಟ್ ಎತ್ತಿ, ನಿಟ್ಟುಸಿರು ಬಿಟ್ಟು, ಕಾಫಿ ಕುಡಿದು ಹೋಗಿದ್ದರು. ರಾಯರು ಬೇಸತ್ತು, ಬಿಡಿಭಾಗಕ್ಕಾದರೂ ಒಯ್ಯಲಿ ಎಂದು ಹೈದರಾಬಾದಿನವನೊಬ್ಬನಿಗೆ ಮಾತು ಕೊಟ್ಟುಬಿಟ್ಟರು. ಭಾನುವಾರ ಷಷ್ಟಿಪೂರ್ತಿ, ಸೋಮವಾರ ಅವನು ಬರುವುದು. ಕಾರಿಗೆ ಹೊದಿಸಿದ್ದ ಹಳೆಯ ಸೀರೆಯನ್ನು ಸರಿಮಾಡುವಾಗ ಅನಸೂಯಮ್ಮನ ಕಣ್ಣು ಒದ್ದೆಯಾದದ್ದನ್ನು ಸೊಸೆ ಚಿತ್ರಾ ನೋಡಿದಳು.

ಚಿತ್ರಾ ದಾವಣಗೆರೆಯವಳು. ಪಿ.ಬಿ. ರಸ್ತೆಯಲ್ಲಿ ಅವಳಪ್ಪನದು ಲಾರಿಗಳ ಪಂಪು, ನಾಝಲ್ ರಿಪೇರಿ ಮಾಡುವ ಅಂಗಡಿ. ಓದುವಾಗಲೂ ಅಲ್ಲಿ ಕೂತು ಕೈ ಕಪ್ಪು ಮಾಡಿಕೊಂಡವಳು. ಈ ಮನೆಗೆ ಬಂದು ಎರಡು ವರ್ಷವಾದರೂ ಮಾವ ಅವಳನ್ನು ಬಾನೆಟ್ಟಿನ ಹತ್ತಿರ ಬಿಟ್ಟಿರಲಿಲ್ಲ. “ಇದು ಲಾರಿ ಅಲ್ಲಮ್ಮಾ, ಜಪಾನ್ ಗಾಡಿ” ಎಂದು ನಗುತ್ತಿದ್ದರು. ಆ ನಗು ಅವಳನ್ನು ಚುಚ್ಚುತ್ತಿತ್ತು. ಈ ಸಲ ಅವಳು ಬಿಡಲಿಲ್ಲ.

“ಮಾವಯ್ಯ, ಇಂಜೆಕ್ಟರ್‌ನಾಗೆ ಹಳೇ ಪೆಟ್ರೋಲು ಅಂಟಾಗಿ ಕುಂತೈತ್ರಿ. ನಾಲ್ಕೂ ಬದಲು ಮಾಡಿದ್ರೆ ಓಡ್ತೈತಿ. ಓಡ್ಲಿಲ್ಲ ಅಂದ್ರೆ ಇನ್ನೊಂದ್ಸಲ ಇದರ ತಂಟೆಗೆ ಬರಂಗಿಲ್ಲ ನಾನು.”

“ಓಹೋ, ಪಂದ್ಯಮಾ?” ಎಂದರು ರಾಯರು. “ಸರಿ, ನೋಡೋಣ.”

ಇಂಜೆಕ್ಟರ್ ಎಂದರೆ ಬೆರಳುದ್ದದ ಪಿಚಕಾರಿ, ಅಷ್ಟೆ. ಎಂಜಿನ್ನಿನ ಒಂದೊಂದು ಸಿಲಿಂಡರಿಗೆ ಒಂದೊಂದು. ಪೆಟ್ರೋಲನ್ನು ಮಂಜಿನಂತೆ ಚಿಮ್ಮಿಸುವುದು ಅದರ ಕೆಲಸ. ಅಂಥ ಹಳೆಯ ಕಾರಿನದು ವಿಶಾಖಪಟ್ಟಣದಲ್ಲಿ ಸಿಗಲಿಲ್ಲ. ಚಿತ್ರಾ ರತ್ನಾಚಲ್ ರೈಲು ಹತ್ತಿ ವಿಜಯವಾಡಕ್ಕೆ ಹೋದಳು. ಅಲ್ಲಿನ ಆಟೋನಗರ್‌ನಲ್ಲಿ ಅಲೆದರೆ ಆನೆಯ ಬಿಡಿಭಾಗವೂ ಸಿಕ್ಕೀತು. ದುರ್ಗಾಪ್ರಸಾದ್ ಎಂಬ ವ್ಯಾಪಾರಿ, ಹೆಂಗಸೊಬ್ಬಳು ಬಂದು ಕೇಳಿದ್ದಕ್ಕೆ ಮೊದಲು ಬೆರಗಾಗಿ, ಆಮೇಲೆ ಖುಷಿಯಾಗಿ, ನಾಲ್ಕನ್ನು ಹುಡುಕಿ ತೆಗೆದ. ಅವಳ ಎದುರಿಗೇ ಮೆಷಿನ್ನಿಗೆ ಹಾಕಿ ಚಿಮ್ಮಿಸಿ ತೋರಿಸಿದ. ನಾಲ್ಕೂ ಒಂದೇ ಸಮ. ಹೊಸ ರಬ್ಬರ್ ಉಂಗುರಗಳ ಜೊತೆಗೆ ಒಳಗಿನ ಸಣ್ಣ ಜಾಲರಿಗಳನ್ನೂ ಹೆಚ್ಚುವರಿಯಾಗಿ ಕೊಟ್ಟು, ಟೀ ಕುಡಿಸಿ ಕಳಿಸಿದ.

ಶುಕ್ರವಾರ ಮನೆಗೆ ಬಂದವಳೇ, ಅಪ್ಪನ ಅಂಗಡಿಯ ಅಭ್ಯಾಸದಂತೆ, ಇಂಜೆಕ್ಟರುಗಳ ಡಬ್ಬಿಯನ್ನು ದೇವರ ಮುಂದೆ ಇಡಲು ಹೋದಳು. ಬಳ್ಳಾರಿಯ ಮಡಿವಂತರ ಮನೆಯಲ್ಲಿ ಬೆಳೆದ ಅನಸೂಯಮ್ಮ ಬಾಗಿಲಲ್ಲೇ ತಡೆದರು. “ಎಮ್ಮಾ, ದೇವರ ಕ್ವಾಣ್ಯಾಗ ಪೆಟ್ರೋಲ್ ವಾಸ್ನಿ ಬ್ಯಾಡ. ನಾ ಅಂತೂ ಅದನ್ನ ಮುಟ್ಟಂಗಿಲ್ಲ, ವರಾಂಡದಾಗ ಇಡು.”

ರಾಯರು ಇಬ್ಬರನ್ನೂ ಗೇಲಿ ಮಾಡಿದರು. “ಎಂಜಿನ್‌ಗೆ ಬೇಕಾಗಿರೋದು ಗಾಳಿ, ಪೆಟ್ರೋಲು, ಕಿಡಿ. ದೇವರನ್ನ ಯಾವ ಕಂಪನಿಯೂ ಫಿಟ್ ಮಾಡಿಲ್ಲ ಕದಾ!” ಡಬ್ಬಿ ವರಾಂಡದ ಕಟ್ಟೆಯ ಮೇಲೆ ಕೂತಿತು.

ಶನಿವಾರ ಚಿತ್ರಾ ಸೆರಗು ಸಿಕ್ಕಿಸಿ ನಿಂತಳು. ಬ್ಯಾಟರಿಯ ತಂತಿ ಬಿಚ್ಚಿ, ನಾಲ್ಕಕ್ಕೂ ಪೆಟ್ರೋಲ್ ಹಂಚುವ ಪೈಪನ್ನು ಎತ್ತಿ, ಹಳೆಯವನ್ನು ಕಿತ್ತಳು. ಹೊಸ ರಬ್ಬರ್ ಉಂಗುರಗಳಿಗೆ ಎಣ್ಣೆ ಸವರಿ, ಹೆಬ್ಬೆರಳಿನಿಂದ ಒತ್ತಿ, ಒಂದೊಂದನ್ನೂ ಜಾಗಕ್ಕೆ ಕೂರಿಸಿದಳು. ರಾಯರು ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ತಪ್ಪು ಸಿಗಲಿಲ್ಲವೆಂದು ಅವರಿಗೇ ಬೇಜಾರಾದಂತಿತ್ತು. ಗಂಡ ತೇಜನಿಗೆ ಕಾರಿನ ವಿಷಯದಲ್ಲಿ ಗೊತ್ತಿದ್ದದ್ದು ಪೆಟ್ರೋಲ್ ತುಂಬಿಸುವುದೊಂದೇ. ಅದನ್ನು ಮಾಡಿ ಅವನು ಕೀಲಿ ತಿರುಗಿಸಿದ.

ಕಾರು ಎದ್ದಿತು! ಬಳ್ಳಾರಿಯಿಂದ ಬಂದಿದ್ದ ನೆಂಟರು ಚಪ್ಪಾಳೆ ತಟ್ಟಿದರು. ಆದರೆ ಚಪ್ಪಾಳೆ ನಿಲ್ಲುವ ಮೊದಲೇ ಕಾರು ಚಳಿಜ್ವರ ಬಂದವರಂತೆ ಗಡಗಡ ನಡುಗಿ, ಕೆಮ್ಮಿ, ನಿಂತುಹೋಯಿತು. ಮತ್ತೆ ತಿರುಗಿಸಿದರೂ ಅದೇ ಕತೆ.

“ಲಾರಿ ಕೈಯಲ್ಲಿ ಲಾರಿ ಥರಾನೇ ಓಡುತ್ತೆ” ಎಂದರು ರಾಯರು. ಆದರೆ ಈ ಸಲ ಅವರು ನಗಲಿಲ್ಲ. ಎದ್ದು ಒಳಗೆ ಹೋದರು.

ಚಿತ್ರಾಳಿಗೆ ಅಳು ಬಂತು. ಆಟೋನಗರದಲ್ಲಿ ನಾಲ್ಕೂ ಚಿಮ್ಮಿದ್ದನ್ನು ಕಣ್ಣಾರೆ ಕಂಡವಳು. ಕಿಡಿ ನೋಡಿದಳು, ಸರಿಯಿತ್ತು. ತಂತಿ ನೋಡಿದಳು, ಸರಿಯಿತ್ತು. ಅಷ್ಟರಲ್ಲಿ ಮಾವಿನೆಲೆ ಕಟ್ಟಲು, ರಂಗೋಲಿ ಹಾಕಲು ಕರೆ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಯಾರಾದರೂ ಆಡಿಕೊಂಡಾರು ಎನ್ನುವುದಕ್ಕಿಂತ, ಅತ್ತೆ ಅವಳ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದ್ದೇ ಅವಳಿಗೆ ಹೆಚ್ಚು ನೋವು ಕೊಟ್ಟಿತು.

ಭಾನುವಾರ ಬೆಳಿಗ್ಗೆ, ಪುರೋಹಿತರು ಕಲಶ ಜೋಡಿಸುತ್ತಿರುವಾಗಲೇ, ರೇಷ್ಮೆ ಸೀರೆ ಎತ್ತಿಕಟ್ಟಿ ಅವಳು ಮತ್ತೆ ಬಾನೆಟ್ ಎತ್ತಿದಳು. ಅಪ್ಪ ಹೇಳಿಕೊಟ್ಟ ದಾರಿ ನೆನಪಾಗಿತ್ತು: ಎಂಜಿನ್ ನಡುಗುತ್ತಿರುವಾಗಲೇ ಒಂದೊಂದೇ ಇಂಜೆಕ್ಟರಿನ ತಂತಿ ಎಳೆದು ನೋಡು, ಯಾವುದನ್ನು ಎಳೆದರೆ ಸದ್ದು ಬದಲಾಗುವುದಿಲ್ಲವೋ ಅದೇ ಸೋಮಾರಿ. ಮತ್ತೆ ಮತ್ತೆ ಕೀಲಿ ತಿರುಗಿಸಿ, ಕಾರು ಕೆಮ್ಮಿ ನಿಲ್ಲುವ ಮೊದಲೇ ಒಂದೊಂದನ್ನೇ ಎಳೆದಳು. ಮೂರನೆಯದನ್ನು ಎಳೆದಾಗ ಸದ್ದು ಬದಲಾಗಲಿಲ್ಲ. ಎಂಜಿನ್ ಆರಿಸಿ, ಅದನ್ನು ಹೊರತೆಗೆದು, ಪೆಟ್ರೋಲ್ ಒಳಹೋಗುವ ತುದಿಯನ್ನು ಬೆಳಕಿಗೆ ಹಿಡಿದಳು.

ಒಳಗಿನ ಜಾಲರಿಯಲ್ಲಿ ಕುಂಕುಮ ಮೆತ್ತಿಕೊಂಡಿತ್ತು.

ಹೊರಗೆ ಒಂದು ಕಲೆಯೂ ಇಲ್ಲ. ಯಾರೋ ಹಚ್ಚಿ, ಚೆನ್ನಾಗಿ ಒರೆಸಿದ್ದರು. ಒರೆಸುವಾಗ ಇದೊಂದರಲ್ಲಿ ಒಳಕ್ಕೆ ಜಾರಿತ್ತು. ಅತ್ತೆಯಂತೂ ಮುಟ್ಟುವವರಲ್ಲ. ಮತ್ಯಾರು?

ಹಿಂದೆ ಹೆಜ್ಜೆ ಸಪ್ಪಳವಾಯಿತು. ಮದುಮಗನ ಅಲಂಕಾರದಲ್ಲಿ ರಾಯರು ನಿಂತಿದ್ದರು, ಹೆಗಲ ಮೇಲೆ ಮಾತ್ರ ಎಂದಿನ ಹಳೆಯ ಟವಲು. ಅವಳ ಕೈಯಲ್ಲಿದ್ದದ್ದನ್ನು ಕಂಡು ಅವರ ಕೈ ತಾನಾಗಿ ಹೆಗಲಿಗೆ ಹೋಗಿ ಟವಲಿನ ಒಂದು ತುದಿಯನ್ನು ಮುಚ್ಚಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ತುದಿ ಕೆಂಪಾಗಿತ್ತು.

“ಏನಾಯ್ತೇ?” ಎಂದು ತೇಜ, ಅವನ ಹಿಂದೆ ಅರ್ಧ ಬಳ್ಳಾರಿ, ಬಾಗಿಲಿಗೆ ಬಂದರು.

ಚಿತ್ರಾ ಇಂಜೆಕ್ಟರನ್ನು ಮುಷ್ಟಿಯೊಳಗೆ ಹಿಡಿದಳು. “ಜಾಲರೀಲಿ ಕಸ ಕುಂತಿತ್ರಿ, ಅಷ್ಟೆ. ನೀವು ಒಳಗ್ ನಡೀರಿ, ಐದು ನಿಮಿಷ.”

ಎಲ್ಲರೂ ಹೋದ ಮೇಲೆ ರಾಯರು ನೆಲ ನೋಡುತ್ತ ಹೇಳಿದರು. “ಹಡಗು ಹೊರಡೋ ಮುಂಚೆ ಎಂಜಿನ್‌ಗೆ ಒಂದು ಬೊಟ್ಟು ಇಡ್ತಿದ್ದೆ. ಯಾರೂ ನೋಡದ ಹಾಗೆ. ನಿನ್ನ ಕೈ ಮೇಲೆ ನಂಬಿಕೆ ಇಲ್ಲ ಅಂತ ಅಲ್ಲಮ್ಮಾ... ಇದು ಓಡ್ಬೇಕು ಅಂತ ತುಂಬಾ ಆಸೆ ಆಗಿತ್ತು.”

ಎರಡು ವರ್ಷದ ಚುಚ್ಚು ಅಲ್ಲೇ ಕರಗಿತು. ಅವಳು ಕೊಳೆಯಾದ ಜಾಲರಿ ಕಿತ್ತು, ಇಂಜೆಕ್ಟರನ್ನು ಪೆಟ್ರೋಲಿನಲ್ಲಿ ತೊಳೆದು, ಹೊಸ ಜಾಲರಿ ಹಾಕಿ ಕೂರಿಸಿದಳು. ರಾಯರೇ ಬಗ್ಗಿ ಬೋಲ್ಟು ಹಿಡಿದುಕೊಟ್ಟರು. ಕೀಲಿ ತಿರುಗಿಸಿದಾಗ ಎಂಜಿನ್ ಒಮ್ಮೆಯೂ ಕೆಮ್ಮದೆ ಹಿತವಾಗಿ ಗುನುಗಿತು. ಒಳಗೆ ಮಂತ್ರ ಹೇಳುತ್ತಿದ್ದ ಪುರೋಹಿತರೂ ಒಂದು ಕ್ಷಣ ನಿಲ್ಲಿಸಿ ಕಿವಿಗೊಟ್ಟರಂತೆ.

ಚಿತ್ರಾ ಕುಂಕುಮದ ಭರಣಿ ತಂದು ಮಾವನ ಮುಂದೆ ಹಿಡಿದಳು. “ತಗಳ್ರಿ. ಈ ಸಲ ಬಾನೆಟ್ ಮ್ಯಾಲೆ ಹಚ್ರಿ.” ರಾಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಾಂಗಲ್ಯಧಾರಣೆ ಮುಗಿಯಿತು. ಅನಸೂಯಮ್ಮ ಹೊಸ ತಾಳಿ, ಹೂವಿನ ಹಾರದೊಡನೆ ಮುಂದಿನ ಸೀಟಿನಲ್ಲಿ ಕೂತರು. ಚಿತ್ರಾ ಡ್ರೈವರ್ ಬಾಗಿಲು ತೆಗೆದು ಮಾವನಿಗೆ ದಾರಿ ಬಿಟ್ಟಳು. ರಾಯರು ಕೀಲಿಯನ್ನು ಅವಳ ಕೈಗೆ ಹಾಕಿ, ಸೀಟು ಮಡಚಿ, ಹಾರ ಸಮೇತ ಹಿಂದಿನ ಹಲಸಿನಹಣ್ಣಿನ ಜಾಗಕ್ಕೆ ನುಸುಳಿದರು. ಮೊಣಕಾಲು ಗದ್ದಕ್ಕೆ ತಾಗಿತು.

“ತೇಜ! ಆ ಹೈದರಾಬಾದ್ ಅವನಿಗೆ ಫೋನ್ ಮಾಡಿ ಬರಬೇಡ ಅನ್ನು!” ಎಂದು ಒಳಗಿನಿಂದಲೇ ಕೂಗಿದರು.

“ಮದಿಮಗನ್ನ ಹಿಂದ ತುರುಕಿ ಹೊಂಟೀವಲ್ಲಮ್ಮಾ!” ಎಂದು ಅನಸೂಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಗು ನಿಲ್ಲಲಿಲ್ಲ.

ಭೀಮಿಲಿಯ ದಾರಿಯಲ್ಲಿ ಬಲಗಡೆ ಸಮುದ್ರ, ಮುಂದೆ ಖಾಲಿ ರಸ್ತೆ. ನಾಲ್ಕೂ ಸಿಲಿಂಡರುಗಳು ಒಂದೇ ಶ್ರುತಿಯಲ್ಲಿದ್ದವು.

“ಐದನೇ ಗೇರ್ ಹಾಕ್ಲೇನ್ರಿ, ಮಾವಯ್ಯ?”

“ನನ್ನನ್ನ ಯಾಕೆ ಕೇಳ್ತೀಯಾ?” ಮೊಣಕಾಲುಗಳ ನಡುವಿನಿಂದ ದನಿ ಬಂತು. “ನಿನ್ನ ಎಂಜಿನ್. ನೀನು ಹೇಳಿದ ಹಾಗೆ, ಚೀಫ್.”

ಚಿತ್ರಾ ಕಣ್ಣೊರೆಸಿಕೊಂಡು ಐದನೇ ಗೇರ್ ಹಾಕಿದಳು.